ಆ ಬಸ್ಸು ಮೇಯರದ್ದಲ್ಲ

2025ರ ನವೆಂಬರಿನಲ್ಲಿ ಟಿವಿಯಲ್ಲಿ ನ್ಯೂಯಾರ್ಕ್ ಮೇಯರ್ ಚುನಾವಣೆಯ ಸುದ್ದಿ ಬರುತ್ತಿತ್ತು. ಅಮ್ಮ ಎದುರಿಗೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ‘ಅಲ್ಲೂ ಬಸ್ಸು ಫ್ರೀ ಮಾಡ್ತಾರಂತಾ?’ ಎಂದು ಕೇಳಿದಳು. ಹೌದಮ್ಮ, ಹಾಗಂತ ಹೇಳಿಯೇ ಗೆದ್ದಿದ್ದಾರೆ ಎಂದೆ. ಅವಳ ಮುಂದಿನ ಪ್ರಶ್ನೆ ಬರಲು ಎರಡು ಕಾಯಿ ಸುಲಿಯುವಷ್ಟು ಹೊತ್ತೂ ಆಗಲಿಲ್ಲ. ‘ದುಡ್ಡು ಯಾರು ಕೊಡ್ತಾರೆ? ಬಸ್ಸು ಮೇಯರದ್ದಾ?’

2023ರ ಜೂನ್ 11ರಿಂದ ಅಮ್ಮ ಆಧಾರ್ ಕಾರ್ಡು ತೋರಿಸಿ ಬಿಎಂಟಿಸಿಯಲ್ಲಿ ಓಡಾಡುತ್ತಿದ್ದಾಳೆ. ಶಕ್ತಿ ಯೋಜನೆಯ ದುಡ್ಡು ರಾಜ್ಯ ಸರ್ಕಾರದ ಬೊಕ್ಕಸದಿಂದ ಸಾರಿಗೆ ನಿಗಮಗಳಿಗೆ ಹೋಗಬೇಕು, ಅದು ಬಾಕಿ ಉಳಿದರೆ ನಿಗಮಕ್ಕೆ ಕಷ್ಟ ಎಂಬುದು ಅವಳಿಗೆ ಪೇಪರು ಓದಿ ಗೊತ್ತು. ಹಾಗಾಗಿ ಆ ಪ್ರಶ್ನೆ ಅವಳಿಗೆ ಸಹಜವಾಗಿ ಬಂತು. ನ್ಯೂಯಾರ್ಕಿನ ಮತದಾರರು ಒಂದು ವರ್ಷ ಜಗಳವಾಡಿದ್ದೂ ಬಹುಪಾಲು ಅದೇ ಪ್ರಶ್ನೆಯ ಸುತ್ತ. ಅದಕ್ಕೆ ಉತ್ತರವೂ ಇದೆ: ಇಲ್ಲ, ಆ ಬಸ್ಸು ಮೇಯರದ್ದಲ್ಲ.

ಜೊಹ್ರಾನ್ ಮಮ್ದಾನಿ ಅವರ ಕತೆಯನ್ನು ನಮ್ಮ ಪತ್ರಿಕೆಗಳು ಸಾಕಷ್ಟು ಹೇಳಿವೆ. ಉಗಾಂಡದ ಕಂಪಾಲಾದಲ್ಲಿ ಹುಟ್ಟಿದವರು, ಚಿತ್ರ ನಿರ್ದೇಶಕಿ ಮೀರಾ ನಾಯರ್ ಮತ್ತು ವಿದ್ವಾಂಸ ಮಹಮೂದ್ ಮಮ್ದಾನಿ ಅವರ ಮಗ, ಗೆದ್ದಾಗ 34ರ ಹರೆಯ, ನಗರದ ಮೊದಲ ಮುಸ್ಲಿಂ ಮೇಯರ್. ನಮ್ಮಲ್ಲಿ ಬಂದ ಬರಹಗಳಲ್ಲಿ ಹೆಚ್ಚಿನವು ಅವರ ಮೂಲ, ಧರ್ಮ, ಹಿಂದಿ ವಿಡಿಯೊಗಳಲ್ಲೇ ನಿಂತವು. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಅಲ್ಲಿನ ಮತದಾರರು ತೂಗಿದ ರೀತಿ. ಮೇಯರ್ ಅಭ್ಯರ್ಥಿಯನ್ನು ತೂಗುವ ಮೊದಲು ಅವರು ಕೂರಲು ಹೊರಟಿರುವ ಕುರ್ಚಿಯನ್ನು ತೂಗಬೇಕು. ಆ ಕುರ್ಚಿಗೆ ಏನು ಮಾಡಲು ಸಾಧ್ಯ, ಏನು ಸಾಧ್ಯವಿಲ್ಲ ಎಂದು ಗೊತ್ತಿಲ್ಲದಿದ್ದರೆ ಅಭ್ಯರ್ಥಿಯ ಮಾತು ನಿಜವೋ ಸುಳ್ಳೋ ಹೇಳುವುದು ಹೇಗೆ?

ನ್ಯೂಯಾರ್ಕ್ ಮೇಯರ್ ಕುರ್ಚಿ ಭಾರವಾದದ್ದು. ಸುಮಾರು 85 ಲಕ್ಷ ಜನರಿರುವ ಆ ನಗರದ 2025–26ರ ಬಜೆಟ್ಟು 11,600 ಕೋಟಿ ಡಾಲರಿನ ಆಸುಪಾಸಿನದು. ನಮ್ಮ ಲೆಕ್ಕದಲ್ಲಿ ಹತ್ತು ಲಕ್ಷ ಕೋಟಿ ರೂಪಾಯಿ. ಇಡೀ ಕರ್ನಾಟಕ ಸರ್ಕಾರದ 2025–26ರ ಬಜೆಟ್ 4.09 ಲಕ್ಷ ಕೋಟಿ ಎಂದು ನೆನಪಿಸಿಕೊಂಡರೆ ಅಂದಾಜು ಸಿಗುತ್ತದೆ. ಪೊಲೀಸ್ ಕಮಿಷನರನ್ನು ನೇಮಿಸುವವರು ಮೇಯರ್. 2002ರಿಂದ ಸರ್ಕಾರಿ ಶಾಲೆಗಳ ಆಡಳಿತವೂ ಮೇಯರ್ ಕೈಯಲ್ಲಿದೆ, ಆ ಶಾಲೆಗಳಲ್ಲಿ ಒಂಬತ್ತು ಲಕ್ಷದಷ್ಟು ಮಕ್ಕಳಿದ್ದಾರೆ. ಅವಧಿ ನಾಲ್ಕು ವರ್ಷ, ಸತತವಾಗಿ ಎರಡು ಅವಧಿಗಿಂತ ಹೆಚ್ಚು ಕೂರುವಂತಿಲ್ಲ. ಇಷ್ಟಿದ್ದೂ ಆ ಕುರ್ಚಿಯ ಕೈ ಕೆಲವು ಕಡೆ ಮೊಣಕೈ ತನಕ ಮಾತ್ರ ಚಾಚುತ್ತದೆ.

ಮಮ್ದಾನಿಯವರ ಮುಖ್ಯ ಭರವಸೆಗಳನ್ನು ಒಂದೊಂದಾಗಿ ಈ ಕುರ್ಚಿಯ ಮೇಲಿಟ್ಟು ನೋಡೋಣ. ಎಲ್ಲಕ್ಕಿಂತ ಜೋರಾಗಿ ಕೇಳಿದ್ದು ಬಾಡಿಗೆಯ ಮಾತು. ನ್ಯೂಯಾರ್ಕಿನಲ್ಲಿ ಸುಮಾರು ಹತ್ತು ಲಕ್ಷ ಮನೆಗಳ ಬಾಡಿಗೆ ಕಾನೂನಿನ ನಿಯಂತ್ರಣದಲ್ಲಿದೆ. ವರ್ಷಕ್ಕೆ ಎಷ್ಟು ಏರಿಸಬಹುದು ಎಂದು ಒಂಬತ್ತು ಜನರ ಬಾಡಿಗೆ ಮಂಡಳಿ ನಿರ್ಧರಿಸುತ್ತದೆ. ಆ ಒಂಬತ್ತೂ ಜನರನ್ನು ನೇಮಿಸುವವರು ಮೇಯರ್. ಬಾಡಿಗೆ ಏರದಂತೆ ತಡೆಯುತ್ತೇನೆ ಎಂದು ಮಮ್ದಾನಿ ಹೇಳಿದಾಗ ಅದು ಗಾಳಿಯ ಮಾತಾಗಿರಲಿಲ್ಲ, ಕುರ್ಚಿಯೊಳಗಿನ ಮಾತೇ ಆಗಿತ್ತು. ಮಾಜಿ ಮೇಯರ್ ಬಿಲ್ ಡಿ ಬ್ಲಾಸಿಯೊ ಅವರ ಕಾಲದಲ್ಲಿ 2015, 2016 ಮತ್ತು 2020ರಲ್ಲಿ ಒಂದು ವರ್ಷದ ಕರಾರುಗಳಿಗೆ ಮಂಡಳಿ ಹೀಗೆಯೇ ಏರಿಕೆ ಬೇಡವೆಂದಿತ್ತು. ಹಾಗೆಂದು ಎದುರು ವಾದಕ್ಕೆ ತೂಕವಿರಲಿಲ್ಲ ಎಂದಲ್ಲ. ಹಳೆಯ ಕಟ್ಟಡಗಳ ಮಾಲೀಕರು ತೆರಿಗೆ, ವಿಮೆ, ರಿಪೇರಿ ಖರ್ಚು ಏರುತ್ತಿರುವಾಗ ಬಾಡಿಗೆ ಮಾತ್ರ ನಿಂತರೆ ಸೋರುವ ಸೂರು ಸೋರುತ್ತಲೇ ಇರುತ್ತದೆ ಎಂದರು. ಮಂಡಳಿ ಆ ಖರ್ಚನ್ನೂ ಲೆಕ್ಕ ಹಾಕಲೇಬೇಕು ಎಂದು ಕಾನೂನು ಹೇಳುತ್ತದೆ. ಪ್ರತಿಸ್ಪರ್ಧಿ ಆಂಡ್ರ್ಯೂ ಕುವೊಮೊ ಇನ್ನೊಂದು ಬಾಣ ಬಿಟ್ಟರು: ಶಾಸಕನ ಸಂಬಳ ಪಡೆಯುವ ಮಮ್ದಾನಿಯೇ ಅಂಥ ಕಡಿಮೆ ಬಾಡಿಗೆಯ ಮನೆಯಲ್ಲಿದ್ದಾರೆ, ಅದು ಬಡವರಿಗೆ ಸಿಗಬೇಕಾದ ಮನೆ ಎಂದು. ಬಾಡಿಗೆ ಮನೆಯಲ್ಲಿ ಇರುವವರೇ ಹೆಚ್ಚಾಗಿರುವ ಊರಿನಲ್ಲಿ ಆ ಬಾಣ ಎಷ್ಟು ನಾಟಿತೋ ಗೊತ್ತಿಲ್ಲ. ತಿಂಗಳ ಮೊದಲ ತಾರೀಖಿನ ಭಯ ತನಗೂ ಗೊತ್ತು ಎಂದು ಹೇಳುವ ಅಭ್ಯರ್ಥಿ ಅಲ್ಲಿ ಜನರಿಗೆ ಹತ್ತಿರವಾಗಿ ಕಂಡರು ಎಂಬುದಂತೂ ನಿಜ.

ಈಗ ಬಸ್ಸು. ನ್ಯೂಯಾರ್ಕಿನ ಬಸ್ಸು, ಸುರಂಗ ರೈಲು ಎಲ್ಲವನ್ನೂ ನಡೆಸುವುದು ಎಂಟಿಎ ಎಂಬ ಸಂಸ್ಥೆ. ಅದು ರಾಜ್ಯದ ಅಧೀನ. ಅಧ್ಯಕ್ಷರನ್ನು ಸೂಚಿಸುವವರು ಗವರ್ನರ್. ಮಂಡಳಿಗೆ ಮೇಯರ್ ನಾಲ್ವರ ಹೆಸರನ್ನಷ್ಟೇ ಕೊಡಬಹುದು. ಬಸ್ಸಿನ ಟಿಕೆಟ್ ಆಗ 2.90 ಡಾಲರ್. ಅದನ್ನು ತೆಗೆದುಹಾಕಿದರೆ ವರ್ಷಕ್ಕೆ ಸುಮಾರು 80 ಕೋಟಿ ಡಾಲರ್ ಬೇಕು ಎಂಬ ಅಂದಾಜಿತ್ತು. ಆ ದುಡ್ಡಿಗಾಗಿ ಮಮ್ದಾನಿ ತೋರಿಸಿದ ದಾರಿ ವರ್ಷಕ್ಕೆ ಹತ್ತು ಲಕ್ಷ ಡಾಲರಿಗಿಂತ ಹೆಚ್ಚು ಗಳಿಸುವವರ ಮೇಲೆ ಶೇ 2ರಷ್ಟು ಹೆಚ್ಚುವರಿ ತೆರಿಗೆ ಮತ್ತು ಕಂಪನಿ ತೆರಿಗೆಯ ಏರಿಕೆ. ಆದರೆ ಆದಾಯ ತೆರಿಗೆ ಏರಿಸುವ ಅಧಿಕಾರ ನಗರಕ್ಕಿಲ್ಲ. ಅದಕ್ಕೆ ಆಲ್ಬನಿಯಲ್ಲಿರುವ ರಾಜ್ಯ ಶಾಸಕಾಂಗ ಒಪ್ಪಬೇಕು, ಗವರ್ನರ್ ಸಹಿ ಹಾಕಬೇಕು. ಗವರ್ನರ್ ಕ್ಯಾಥಿ ಹೋಕಲ್ ಸೆಪ್ಟೆಂಬರಿನಲ್ಲಿ ಮಮ್ದಾನಿಗೆ ಬೆಂಬಲ ಘೋಷಿಸಿದರು, ಆದರೆ ಆದಾಯ ತೆರಿಗೆ ಏರಿಸಲು ಒಪ್ಪುವುದಿಲ್ಲ ಎನ್ನುವುದನ್ನೂ ಬಿಡಲಿಲ್ಲ. ಅಮ್ಮನ ಪ್ರಶ್ನೆಯ ಎರಡೂ ಭಾಗಕ್ಕೆ ಉತ್ತರ ಮೇಯರ್ ಕಚೇರಿಯಿಂದ ಇನ್ನೂರು ಕಿಲೋಮೀಟರಿಗೂ ದೂರದ ರಾಜಧಾನಿಯಲ್ಲಿತ್ತು.

ಹಾಗಾದರೆ ಮತದಾರ ಮೋಸ ಹೋದನೇ? ನನಗೆ ಹಾಗನ್ನಿಸುವುದಿಲ್ಲ. ಅಲ್ಲಿನವರ ನೆನಪಿನಲ್ಲಿ 2014ರ ಒಂದು ಘಟನೆ ಇತ್ತು. ಆ ವರ್ಷ ಮೇಯರ್ ಆದ ಡಿ ಬ್ಲಾಸಿಯೊ ನಾಲ್ಕು ವರ್ಷದ ಮಕ್ಕಳೆಲ್ಲರಿಗೂ ಉಚಿತ ಶಿಶುವಿಹಾರ ಕೊಡುತ್ತೇನೆ, ಶ್ರೀಮಂತರ ಮೇಲೆ ತೆರಿಗೆ ಹಾಕಿ ಅದನ್ನು ನಡೆಸುತ್ತೇನೆ ಎಂದು ಹೇಳಿ ಗೆದ್ದಿದ್ದರು. ಆಗಿನ ಗವರ್ನರ್ ತೆರಿಗೆ ಆಗದು ಎಂದರು. ಆದರೆ ಜನ ಬಯಸಿದ್ದನ್ನು ಪೂರಾ ತಳ್ಳಿಹಾಕುವ ಧೈರ್ಯವನ್ನೂ ಮಾಡಲಿಲ್ಲ, ರಾಜ್ಯದ ಬೊಕ್ಕಸದಿಂದ ನಗರಕ್ಕೆ 30 ಕೋಟಿ ಡಾಲರ್ ಕೊಟ್ಟರು. ಆ ಸೆಪ್ಟೆಂಬರಿನಲ್ಲೇ 50 ಸಾವಿರಕ್ಕೂ ಹೆಚ್ಚು ಮಕ್ಕಳು ಶಿಶುವಿಹಾರದ ಮೆಟ್ಟಿಲು ಹತ್ತಿದರು. ಆ ಗವರ್ನರ್ ಬೇರೆ ಯಾರೂ ಅಲ್ಲ, 2025ರಲ್ಲಿ ಮಮ್ದಾನಿಗೆ ಎದುರಾಗಿ ನಿಂತ ಇದೇ ಕುವೊಮೊ. ಮೇಯರ್ ಕೇಳಿದ ದಾರಿಯಲ್ಲಿ ಅಲ್ಲದಿದ್ದರೂ ಬೇರೆ ದಾರಿಯಲ್ಲಿ ಕೆಲಸ ಆಗಬಹುದು, ಗೆಲುವಿನ ಅಂತರ ದೊಡ್ಡದಿದ್ದರೆ ರಾಜ್ಯದವರು ಕಿವಿಗೊಡಲೇಬೇಕಾಗುತ್ತದೆ ಎಂದು ಆ ಊರಿನ ತಾಯಂದಿರಿಗೆ ಅನುಭವದಿಂದ ಗೊತ್ತಿತ್ತು. ಮಮ್ದಾನಿ ಆರು ವಾರದ ಕೂಸಿನಿಂದ ಐದು ವರ್ಷದವರೆಗೆ ಉಚಿತ ಆರೈಕೆ ಎಂದಾಗ ಅವರು ಅದನ್ನು ಈ ನೆನಪಿನ ಮೇಲಿಟ್ಟೇ ಅಳೆದರು. ಬಸ್ಸಿಗೂ ಒಂದು ಸಣ್ಣ ಸಾಕ್ಷಿ ಇತ್ತು. 2023–24ರಲ್ಲಿ ನಗರದ ಐದು ಭಾಗಗಳಲ್ಲಿ ಒಂದೊಂದು ಮಾರ್ಗದಂತೆ ಉಚಿತ ಬಸ್ಸು ಪ್ರಾಯೋಗಿಕವಾಗಿ ಓಡಿತ್ತು. ಶಾಸಕರಾಗಿ ಅದಕ್ಕೆ ಓಡಾಡಿದವರಲ್ಲಿ ಮಮ್ದಾನಿಯೂ ಒಬ್ಬರು.

ಕುರ್ಚಿಗೆ ಬಸ್ಸು ಸೇರಿದ್ದರೆ ಏನಾಗುತ್ತದೆ ಎಂಬುದಕ್ಕೆ ಲಂಡನ್ನಿದೆ. ಅಲ್ಲಿನ ಸಾರಿಗೆ ಸಂಸ್ಥೆ ಮೇಯರ್ ಅಧೀನ. 2016ರಲ್ಲಿ ಗೆದ್ದ ಸಾದಿಕ್ ಖಾನ್ ಅದೇ ಸೆಪ್ಟೆಂಬರಿನಲ್ಲಿ ಒಂದು ಟಿಕೆಟ್ಟಿನಲ್ಲಿ ಒಂದು ಗಂಟೆಯೊಳಗೆ ಇನ್ನೊಂದು ಬಸ್ಸು ಹತ್ತುವ ಸೌಲಭ್ಯ ಜಾರಿಗೆ ತಂದರು. ಯಾರ ಒಪ್ಪಿಗೆಗೂ ಕಾಯಬೇಕಾಗಲಿಲ್ಲ. ಆದ್ದರಿಂದಲೇ 2023ರಲ್ಲಿ ಹೊಗೆಯುಗುಳುವ ಹಳೆಯ ವಾಹನಗಳ ಮೇಲಿನ ಶುಲ್ಕವನ್ನು ಇಡೀ ನಗರಕ್ಕೆ ವಿಸ್ತರಿಸಿದಾಗ ಬೈಗುಳವೂ ನೇರವಾಗಿ ಅವರಿಗೇ ಬಂತು. ಮರುವರ್ಷ ಮತದಾರರು ಎರಡನ್ನೂ ತೂಗಿ ಮೂರನೇ ಬಾರಿ ಆರಿಸಿದರು.

ನ್ಯೂಯಾರ್ಕಿಗೆ ಮರಳೋಣ. ಕುರ್ಚಿಯ ನಂತರ ಮನುಷ್ಯ. ಇಲ್ಲಿ ತಕ್ಕಡಿ ಸುಲಭವಾಗಿ ನಿಲ್ಲಲಿಲ್ಲ. ಒಂದು ಕಡೆ 2011ರಿಂದ ಹತ್ತು ವರ್ಷ ಗವರ್ನರ್ ಆಗಿದ್ದ, ಸೇತುವೆ ಕಟ್ಟಿದ, ಆಡಳಿತದ ಒಳಹೊರಗು ಬಲ್ಲ ಕುವೊಮೊ. ಅವರು 2021ರ ಆಗಸ್ಟಿನಲ್ಲಿ ಅಧಿಕಾರ ಬಿಟ್ಟದ್ದು ಹನ್ನೊಂದು ಮಹಿಳೆಯರು ಮಾಡಿದ ಲೈಂಗಿಕ ಕಿರುಕುಳದ ಆರೋಪಗಳ ಕುರಿತ ವರದಿ ಹೊರಬಂದ ಮೇಲೆ. ಆರೋಪಗಳನ್ನು ಅವರು ಇಂದಿಗೂ ಒಪ್ಪಿಲ್ಲ. ಇನ್ನೊಂದು ಕಡೆ ಐದನೇ ವರ್ಷದ ಶಾಸಕಗಿರಿಯಲ್ಲಿದ್ದ, ದೊಡ್ಡ ಕಚೇರಿಯೊಂದನ್ನು ಎಂದೂ ನಡೆಸದ ಯುವಕ. ಮೂರು ಲಕ್ಷ ನೌಕರರಿರುವ ಆಡಳಿತವನ್ನು ಈತ ನಡೆಸಬಲ್ಲನೇ ಎಂಬ ಪ್ರಶ್ನೆ ಪೂರ್ವಗ್ರಹದ್ದಲ್ಲ, ನ್ಯಾಯವಾದದ್ದು. 2020ರಲ್ಲಿ ಪೊಲೀಸರ ಬಗ್ಗೆ ತಾವು ಬರೆದಿದ್ದ ಕಟುಮಾತಿಗೆ ಮಮ್ದಾನಿ ಕ್ಷಮೆ ಕೇಳಿದರು, ಗೆದ್ದ ಮೇಲೆ ಹಾಲಿ ಪೊಲೀಸ್ ಕಮಿಷನರ್ ಜೆಸಿಕಾ ಟಿಶ್ ಅವರನ್ನೇ ಮುಂದುವರಿಸಿದರು. ಗಾಜಾ ಮತ್ತು ಇಸ್ರೇಲ್ ಕುರಿತ ಅವರ ನಿಲುವಿನಿಂದ ಯಹೂದಿ ಮತದಾರರಲ್ಲಿ ಅನೇಕರಿಗೆ ತಮ್ಮ ಊರಿನಲ್ಲಿ ತಾವು ಸುರಕ್ಷಿತವೇ ಎಂಬ ಆತಂಕ ಮೂಡಿತು. ಅದೇ ನಿಲುವಿಗಾಗಿ ಅವರನ್ನು ಬೆಂಬಲಿಸಿದ ಯಹೂದಿಗಳೂ ಇದ್ದರು. ಜೂನ್ ತಿಂಗಳ ಚರ್ಚೆಯೊಂದರಲ್ಲಿ ಮೇಯರ್ ಆದರೆ ಮೊದಲು ಯಾವ ದೇಶಕ್ಕೆ ಹೋಗುತ್ತೀರಿ ಎಂದು ಕೇಳಿದಾಗ ಕೆಲವರು ಇಸ್ರೇಲ್ ಎಂದರು, ಮಮ್ದಾನಿ ಎಲ್ಲಿಗೂ ಹೋಗದೆ ಊರಲ್ಲೇ ಇರುತ್ತೇನೆ ಎಂದರು. ಆ ಉತ್ತರವನ್ನು ಯಾರು ಹೇಗೆ ತೆಗೆದುಕೊಂಡರು ಎಂಬುದರಲ್ಲೇ ಆ ಚುನಾವಣೆಯ ಅರ್ಧ ಕತೆ ಇದೆ.

ಮತದಾರ ತೂಗಬೇಕಾದರೆ ಕೈಗೆ ತಕ್ಕಡಿಯನ್ನೂ ಕೊಡಬೇಕು. ಇದರಲ್ಲಿ ಆ ನಗರದ ವ್ಯವಸ್ಥೆ ನನ್ನ ಹೊಟ್ಟೆ ಉರಿಸುತ್ತದೆ. ನಗರದ ಚುನಾವಣಾ ಹಣಕಾಸು ಮಂಡಳಿಯೊಂದಿದೆ. ಯಾರು ಕಣದಲ್ಲಿದ್ದಾರೆ, ಏನು ಹೇಳುತ್ತಾರೆ ಎಂಬ ಪುಸ್ತಿಕೆಯನ್ನು ಅದು ನೋಂದಾಯಿತ ಮತದಾರರ ಮನೆಗಳಿಗೆ ಅಂಚೆಯಲ್ಲಿ ಕಳಿಸುತ್ತದೆ. ಊರಿನ ನಿವಾಸಿಯೊಬ್ಬ ಮೇಯರ್ ಅಭ್ಯರ್ಥಿಗೆ ಸಣ್ಣ ದೇಣಿಗೆ ಕೊಟ್ಟರೆ, 250 ಡಾಲರ್‌ವರೆಗೆ ಪ್ರತಿ ಡಾಲರಿಗೂ ಎಂಟು ಡಾಲರನ್ನು ಸಾರ್ವಜನಿಕ ನಿಧಿಯಿಂದ ಸೇರಿಸುತ್ತದೆ. ಆ ಹಣ ಪಡೆದ ಪ್ರಮುಖ ಅಭ್ಯರ್ಥಿಗಳು ಖರ್ಚಿನ ಮಿತಿಗೆ ಒಪ್ಪಬೇಕು, ಬಹಿರಂಗ ಚರ್ಚೆಗೂ ಬರಲೇಬೇಕು. ಮಿತಿ ಮುಟ್ಟಿದ್ದರಿಂದ ಮಮ್ದಾನಿ ಮಾರ್ಚ್ ತಿಂಗಳಲ್ಲೇ ಇನ್ನು ದುಡ್ಡು ಕಳಿಸಬೇಡಿ, ಬಾಗಿಲು ತಟ್ಟಲು ಬನ್ನಿ ಎಂದು ಬೆಂಬಲಿಗರನ್ನು ಕೇಳಿಕೊಂಡರು. ಇತ್ತ ಕುವೊಮೊ ಪರವಾಗಿ ಹೊರಗಿನ ಗುಂಪೊಂದು 2 ಕೋಟಿ ಡಾಲರಿಗೂ ಹೆಚ್ಚು ಸುರಿಯಿತು, ಮಾಜಿ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಅದಕ್ಕೆ ದೊಡ್ಡ ಮೊತ್ತ ಕೊಟ್ಟರು. ದುಡ್ಡಿನ ಆಟ ಅಲ್ಲೂ ಇದೆ. ಆದರೆ ಅದಕ್ಕೆ ಎದುರಾಗಿ ನಿಲ್ಲಲು ಒಂದು ಆಸರೆಯೂ ಇದೆ.

ಪ್ರಚಾರ ಶುರುವಾದ ಬಗೆಯೂ ನೆನಪಿಡುವಂಥದು. 2024ರ ನವೆಂಬರಿನಲ್ಲಿ, ಅಧ್ಯಕ್ಷೀಯ ಚುನಾವಣೆ ಮುಗಿದ ಬೆನ್ನಿಗೆ, ಮಮ್ದಾನಿ ಮೈಕು ಹಿಡಿದು ಬ್ರಾಂಕ್ಸಿನ ಫೋರ್ಡಮ್ ರಸ್ತೆ ಮತ್ತು ಕ್ವೀನ್ಸಿನ ಹಿಲ್‌ಸೈಡ್ ಅವೆನ್ಯೂನಲ್ಲಿ ನಿಂತರು. ಭಾಷಣ ಮಾಡಲಿಲ್ಲ. ಟ್ರಂಪ್‌ಗೆ ಯಾಕೆ ಮತ ಹಾಕಿದಿರಿ, ಕೆಲವರು ಯಾಕೆ ಮತವನ್ನೇ ಹಾಕಲಿಲ್ಲ ಎಂದು ಕೇಳಿ ಉತ್ತರ ಆಲಿಸಿದರು. ಬಾಡಿಗೆ, ದಿನಸಿ, ಬಸ್ ಚಾರ್ಜು ಎಂಬ ಮಾತು ಜನರ ಬಾಯಿಂದಲೇ ಬಂತು. ಆಮೇಲೆ ರಸ್ತೆಬದಿಯ ಗಾಡಿಗಳಲ್ಲಿ ಕೋಳಿ ಅನ್ನದ ಬೆಲೆ ಹತ್ತು ಡಾಲರಿಗೆ ಏಕೆ ಏರಿತು ಎಂದು ಗಾಡಿಯವರನ್ನೇ ಕೇಳಿ ತೋರಿಸಿದರು. ನಗರ ಕೊಡುವ ಪರವಾನಗಿ ನೇರವಾಗಿ ಸಿಗುವುದಿಲ್ಲ, ಇನ್ನೊಬ್ಬನ ಹೆಸರಿನ ಪರವಾನಗಿಯನ್ನು ಸಾವಿರಾರು ಡಾಲರ್ ತೆತ್ತು ಬಾಡಿಗೆಗೆ ಪಡೆಯಬೇಕು, ಆ ಖರ್ಚು ತಟ್ಟೆಗೆ ಬಂದು ಬೀಳುತ್ತದೆ. ಇದು ಅಪ್ಪಟ ನಗರಾಡಳಿತದ ವಿಷಯ. ಫುಟ್‌ಪಾತಿನಲ್ಲಿ ತರಕಾರಿ ಗಾಡಿ ನಿಲ್ಲಿಸುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಡೆಮಾಕ್ರಟಿಕ್ ಪಕ್ಷದೊಳಗಿನ ಮೊದಲ ಸುತ್ತು ನಡೆದದ್ದು 2025ರ ಜೂನ್ 24ರಂದು. ಅಲ್ಲಿ ಮತದಾರ ಒಬ್ಬರಿಗಷ್ಟೇ ಗುರುತು ಹಾಕಬೇಕಿಲ್ಲ, ಐದು ಜನರವರೆಗೆ ಒಂದು, ಎರಡು, ಮೂರು ಎಂದು ಪ್ರಾಶಸ್ತ್ಯ ಕೊಡಬಹುದು. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರ, ಶಿಕ್ಷಕರ ಕ್ಷೇತ್ರಗಳಲ್ಲಿ ಮತ ಹಾಕಿದವರಿಗೆ ಇದು ಗೊತ್ತಿರುವ ಪದ್ಧತಿಯೇ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಮೊದಲ ಪ್ರಾಶಸ್ತ್ಯ ಬರದಿದ್ದರೆ ಕೊನೆಯವರನ್ನು ಕೈಬಿಟ್ಟು, ಅವರ ಮತಪತ್ರಗಳನ್ನು ಮುಂದಿನ ಪ್ರಾಶಸ್ತ್ಯದವರಿಗೆ ಹಂಚುತ್ತಾ ಹೋಗುತ್ತಾರೆ. 2019ರಲ್ಲಿ ಜನಮತದ ಮೂಲಕ ಒಪ್ಪಿದ ಈ ಕ್ರಮವನ್ನು ಮೇಯರ್ ಸ್ಥಾನಕ್ಕೆ ಮೊದಲು ಬಳಸಿದ್ದು 2021ರಲ್ಲಿ. ಇದನ್ನು ವಿವರಿಸಲು ಮಮ್ದಾನಿ ಹಿಂದಿಯಲ್ಲಿ ಒಂದು ವಿಡಿಯೊ ಮಾಡಿ ಮಾವಿನ ಲಸ್ಸಿಯ ಲೋಟಗಳನ್ನು ಬಳಸಿದ್ದರು.

ಈ ಪದ್ಧತಿ ತೂಗುವ ಮನಸ್ಸನ್ನೇ ಬದಲಿಸುತ್ತದೆ. ಒಬ್ಬರನ್ನೇ ಆರಿಸಬೇಕಾದಾಗ ನಮ್ಮ ತಲೆಯಲ್ಲಿ ಸುಳಿಯುವುದು ‘ಇವರಿಗೆ ಹಾಕಿದರೆ ಮತ ವ್ಯರ್ಥವಾಗುತ್ತದೆಯೇ’ ಎಂಬ ಲೆಕ್ಕ. ಪ್ರಾಶಸ್ತ್ಯ ಕೊಡುವಾಗ ಆ ಭಯವಿಲ್ಲದೆ ಮನಸ್ಸಿಗೆ ಒಪ್ಪಿದವರನ್ನು ಮೊದಲಿಗೆ ಬರೆದು, ಒಪ್ಪಬಹುದಾದವರನ್ನು ಎರಡನೆಯವರಾಗಿ ಬರೆಯಬಹುದು. ನಗರದ ಲೆಕ್ಕಪತ್ರಗಳ ಅಧಿಕಾರಿಯಾಗಿದ್ದ, ಆಡಳಿತದ ಅನುಭವಿ ಬ್ರಾಡ್ ಲ್ಯಾಂಡರ್ ಮತ್ತು ಮಮ್ದಾನಿ ಚುನಾವಣೆಗೆ ಕೆಲವೇ ದಿನ ಮೊದಲು ಪರಸ್ಪರರನ್ನು ಎರಡನೇ ಪ್ರಾಶಸ್ತ್ಯಕ್ಕೆ ಶಿಫಾರಸು ಮಾಡಿದರು. ಪ್ರತಿಸ್ಪರ್ಧಿಗಳು ಒಬ್ಬರನ್ನೊಬ್ಬರು ಹೊಗಳಿಕೊಂಡು ಸೈಕಲ್ಲಿನಲ್ಲಿ ಓಡಾಡಿದ್ದನ್ನು ನೋಡಿ ನನಗೆ ನಿಜಕ್ಕೂ ಸಂತೋಷವಾಯಿತು. ಮಮ್ದಾನಿಯ ಅನುಭವದ ಬಗ್ಗೆ ಅನುಮಾನವಿದ್ದವರಿಗೆ ಲ್ಯಾಂಡರ್ ಮಾತು ಒಂದು ಜಾಮೀನಿನಂತೆ ಬಂತು. ಮೊದಲ ಎಣಿಕೆಯಲ್ಲಿ ಮಮ್ದಾನಿಗೆ ಶೇ 43ಕ್ಕಿಂತ ತುಸು ಹೆಚ್ಚು, ಕೊನೆಯ ಸುತ್ತಿನಲ್ಲಿ ಶೇ 56. ವರ್ಷದ ಆರಂಭದ ಸಮೀಕ್ಷೆಗಳಲ್ಲಿ ಅವರಿಗೆ ಶೇ 1ರಷ್ಟು ಬೆಂಬಲವಿತ್ತು.

ನವೆಂಬರ್ 4ರ ಅಂತಿಮ ಚುನಾವಣೆಯಲ್ಲಿ ಪ್ರಾಶಸ್ತ್ಯವಿಲ್ಲ, ಒಬ್ಬರಿಗೆ ಒಂದು ಮತ. ಪಕ್ಷದೊಳಗೆ ಸೋತ ಕುವೊಮೊ ಸ್ವತಂತ್ರವಾಗಿ ನಿಂತರು. ರಿಪಬ್ಲಿಕನ್ ಅಭ್ಯರ್ಥಿ ಕೆಂಪು ಟೋಪಿಯ ಕರ್ಟಿಸ್ ಸ್ಲಿವಾ. ಹಾಲಿ ಮೇಯರ್ ಎರಿಕ್ ಆಡಮ್ಸ್ ಸೆಪ್ಟೆಂಬರ್ ಕೊನೆಗೆ ಹಿಂದೆ ಸರಿದರು. ಜೂನಿನಲ್ಲಿ ಕುವೊಮೊ ಕಡೆ ನಿಂತಿದ್ದ ಕಪ್ಪು ಜನರ ಬಡಾವಣೆಗಳು ಹಲವು ನವೆಂಬರಿನಲ್ಲಿ ಮಮ್ದಾನಿ ಕಡೆ ವಾಲಿದವು. ಮತ ಹಾಕಿದವರು 20 ಲಕ್ಷಕ್ಕೂ ಹೆಚ್ಚು, 1969ರ ನಂತರ ಆ ನಗರ ಇಷ್ಟು ಮತ ಕಂಡಿರಲಿಲ್ಲ. ಮಮ್ದಾನಿಗೆ ಅರ್ಧಕ್ಕಿಂತ ತುಸು ಹೆಚ್ಚು, ಕುವೊಮೊಗೆ ಶೇ 41ರ ಸುಮಾರು. ಅಂದರೆ ಮತ ಹಾಕಿದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಮಮ್ದಾನಿಯನ್ನು ತೂಗಿ ಬೇಡವೆಂದರು. 2026ರ ಜನವರಿ 1ರಂದು ಮುಚ್ಚಿಹೋದ ಹಳೆಯ ಸುರಂಗ ರೈಲು ನಿಲ್ದಾಣವೊಂದರಲ್ಲಿ ಅವರು ಪ್ರಮಾಣವಚನ ತೆಗೆದುಕೊಂಡರು. ಹಾಕಿದ ಮತದ ಪರೀಕ್ಷೆ ಅಲ್ಲಿಂದ ಶುರುವಾಯಿತು.

ಇಷ್ಟನ್ನೂ ಬರೆಯುವಾಗ ನನ್ನ ಮನಸ್ಸಿನಲ್ಲಿದ್ದದ್ದು ನಮ್ಮೂರೇ. ಬೆಂಗಳೂರಿನ ಮತದಾರ ಮೇಯರ್ ಅಭ್ಯರ್ಥಿಯನ್ನು ತೂಗುವುದು ಹೇಗೆ? ತೂಗಲು ಅಭ್ಯರ್ಥಿಯೇ ಇರುವುದಿಲ್ಲ. ನಾವು ಆರಿಸುವುದು ವಾರ್ಡಿನ ಸದಸ್ಯರನ್ನು. ಮೇಯರನ್ನು ಅವರು ಆರಿಸುತ್ತಾರೆ. 1976ರ ಮಹಾನಗರ ಪಾಲಿಕೆಗಳ ಕಾಯ್ದೆಯ ಪ್ರಕಾರ ಅವಧಿ ಒಂದೇ ವರ್ಷವಿತ್ತು. ಆ ವರ್ಷ ಯಾವ ವರ್ಗಕ್ಕೆ ಮೀಸಲು ಎಂಬುದನ್ನು ಸರ್ಕಾರದ ಪಟ್ಟಿ ಹೇಳುತ್ತಿತ್ತು, ಹೆಸರನ್ನು ಪಕ್ಷದ ನಾಯಕರು ಹಿಂದಿನ ರಾತ್ರಿ ಹೇಳುತ್ತಿದ್ದರು. ಮೀಸಲಾತಿಯನ್ನು ನಾನು ದೂರುತ್ತಿಲ್ಲ. ದಲಿತರು, ಹಿಂದುಳಿದವರು, ಮಹಿಳೆಯರು ಆ ಕುರ್ಚಿಯಲ್ಲಿ ಕೂತದ್ದು ಅದರಿಂದಲೇ. ಆದರೆ ಕೂತವರಿಗೆ ಕಡತಗಳ ಪರಿಚಯವಾಗುವಷ್ಟರಲ್ಲಿ ವರ್ಷ ಮುಗಿದಿರುತ್ತಿತ್ತು. ಆ ಒಂದು ವರ್ಷದ ಅವಧಿ ಆ ವರ್ಗಗಳಿಗೇ ಮಾಡಿದ ಅನ್ಯಾಯ.

2015ರ ಆಗಸ್ಟ್ 22ರಂದು ನಡೆದ ಬಿಬಿಎಂಪಿ ಚುನಾವಣೆಯನ್ನು ನೆನಪಿಸಿಕೊಳ್ಳಿ. 198 ವಾರ್ಡುಗಳಲ್ಲಿ ಬಿಜೆಪಿಗೆ 100, ಕಾಂಗ್ರೆಸ್ಸಿಗೆ 76, ಜೆಡಿಎಸ್‌ಗೆ 14, ಪಕ್ಷೇತರರಿಗೆ 8. ಬಹುಮತ ಬಂದವರೇ ಮೇಯರ್ ಆಗುತ್ತಾರೆ ಎಂದುಕೊಂಡಿದ್ದವರಿಗೆ ಸೆಪ್ಟೆಂಬರಿನಲ್ಲಿ ಅಚ್ಚರಿ ಕಾದಿತ್ತು. ನಗರದ ಶಾಸಕರು, ಸಂಸದರು, ವಿಧಾನ ಪರಿಷತ್ ಸದಸ್ಯರು ಸೇರಿ ಅರವತ್ತರಷ್ಟು ಜನರಿಗೂ ಮೇಯರ್ ಆಯ್ಕೆಯಲ್ಲಿ ಮತವಿತ್ತು. ಕಾಂಗ್ರೆಸ್ ಮತ್ತು ಜೆಡಿಎಸ್ ಕೈಜೋಡಿಸಿ, ಕಾಂಗ್ರೆಸ್ಸಿನ ಬಿ.ಎನ್. ಮಂಜುನಾಥ ರೆಡ್ಡಿ ಮೇಯರ್ ಆದರು. ಕಾನೂನಿನಲ್ಲಿ ತಪ್ಪೇನಿರಲಿಲ್ಲ. ಯಾವ ಪಕ್ಷ ಗೆಲ್ಲಬೇಕಿತ್ತು ಎಂಬುದು ನನ್ನ ವಾದವೂ ಅಲ್ಲ. ಆಗಸ್ಟಿನಲ್ಲಿ ಸಾಲಿನಲ್ಲಿ ನಿಂತು ಮತ ಹಾಕಿದವರಿಗೆ ತಾವು ಯಾರನ್ನು ಮೇಯರ್ ಮಾಡುತ್ತಿದ್ದೇವೆ ಎಂಬುದೇ ಗೊತ್ತಿರಲಿಲ್ಲ, ಅದು ನನ್ನ ನೋವು. ಆ ಐದು ವರ್ಷಗಳಲ್ಲಿ ಐವರು ಮೇಯರ್‌ಗಳಾದರು. ಐವರ ಹೆಸರನ್ನೂ ಹೇಳಬಲ್ಲ ನೆರೆಹೊರೆಯವರು ನಿಮಗೆಷ್ಟು ಜನ ಸಿಗುತ್ತಾರೆ?

ಬೆಳಗಾವಿಯ ಮತದಾರರ ಪಾಡು ಇನ್ನೊಂದು ಬಗೆಯದು. 2021ರ ಸೆಪ್ಟೆಂಬರಿನಲ್ಲಿ ಪಾಲಿಕೆಗೆ ಸದಸ್ಯರನ್ನು ಆರಿಸಿದರು. ಮೇಯರ್ ಆಯ್ಕೆಯಾದದ್ದು 2023ರ ಫೆಬ್ರುವರಿಯಲ್ಲಿ. ಗೆದ್ದವರು ಹದಿನೇಳು ತಿಂಗಳು ಸುಮ್ಮನೆ ಕಾದರು.

ಇನ್ನು ಕುರ್ಚಿಯ ತೂಕ. ನಮ್ಮ ನಲ್ಲಿಯ ನೀರು ಜಲಮಂಡಳಿಯದು, ಕರೆಂಟು ಬೆಸ್ಕಾಂನದು, ಹೊಸ ಬಡಾವಣೆ ಬಿಡಿಎಯದು, ಬಸ್ಸು ಬಿಎಂಟಿಸಿಯದು, ರೈಲು ಮೆಟ್ರೊ ನಿಗಮದ್ದು, ಸಿಗ್ನಲ್ಲಿನ ಪೊಲೀಸು ಗೃಹ ಇಲಾಖೆಯವರು. ಇವೆಲ್ಲ ರಾಜ್ಯದ ಕಡೆ ಮುಖ ಮಾಡಿ ನಿಂತಿವೆ. ಮೇಯರ್‌ಗೆ ಉಳಿಯುವುದು ಕಸ, ಚರಂಡಿ, ಒಳರಸ್ತೆ, ಬೀದಿ ದೀಪ, ಉದ್ಯಾನ. ಅದರಲ್ಲೂ ಸಹಿ ಹಾಕುವ ಪೆನ್ನು ಆಯುಕ್ತರ ಜೇಬಿನಲ್ಲಿ. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರಗಳಿಗೆ ಕೊಡಬಹುದಾದ 18 ಹೊಣೆಗಳನ್ನು ಪಟ್ಟಿ ಮಾಡಿತು. ಕೊಡಬೇಕೋ ಬೇಡವೋ, ಮೇಯರ್ ಹೇಗೆ ಆಯ್ಕೆಯಾಗಬೇಕು ಎಂಬುದನ್ನೆಲ್ಲ ರಾಜ್ಯಗಳಿಗೇ ಬಿಟ್ಟಿತು. ರಾಜ್ಯಗಳು ತಮ್ಮ ಕೈಯಲ್ಲಿದ್ದದ್ದನ್ನು ಬಿಟ್ಟುಕೊಡಲಿಲ್ಲ, ಯಾವ ಪಕ್ಷದ ಸರ್ಕಾರವಿದ್ದರೂ.

ಜನರೇ ನೇರವಾಗಿ ಮೇಯರನ್ನು ಆರಿಸುವ ರಾಜ್ಯಗಳು ನಮ್ಮಲ್ಲೂ ಇವೆ. ಉತ್ತರ ಪ್ರದೇಶ, ಮಧ್ಯ ಪ್ರದೇಶಗಳಲ್ಲಿ ಇದು ಬಹುಕಾಲದ ರೂಢಿ. ಬಿಹಾರ 2022ರಲ್ಲಿ ಶುರುಮಾಡಿತು. ಆ ಮೊದಲ ಚುನಾವಣೆಯಲ್ಲೇ ಗಯಾದ ಜನ ದಶಕಗಳ ಕಾಲ ಪೌರಕಾರ್ಮಿಕರಾಗಿ ಮಲ ಹೊತ್ತು ಬೀದಿ ಗುಡಿಸಿದ ಚಿಂತಾ ದೇವಿ ಅವರನ್ನು ಉಪಮೇಯರ್ ಮಾಡಿದರು. 1996ರಲ್ಲಿ ಚೆನ್ನೈ ಜನ ನೇರವಾಗಿ ಆರಿಸಿದ ಮೇಯರ್ ಎಂ.ಕೆ. ಸ್ಟಾಲಿನ್. ಪರೋಕ್ಷ ಆಯ್ಕೆಯಲ್ಲಿ ಕೆಲವೇ ಜನರ ಮತ ಎಷ್ಟು ಸುಲಭವಾಗಿ ಕೆಡಬಲ್ಲದು ಎಂಬುದನ್ನು 2024ರ ಜನವರಿಯಲ್ಲಿ ಚಂಡೀಗಢ ತೋರಿಸಿತು. ಅಲ್ಲಿ ಚುನಾವಣಾಧಿಕಾರಿಯೇ ಎಂಟು ಮತಪತ್ರಗಳ ಮೇಲೆ ಗೀಚಿ ಅಸಿಂಧು ಎಂದರು, ಸುಪ್ರೀಂ ಕೋರ್ಟ್ ಫಲಿತಾಂಶವನ್ನೇ ತಿರುಗಿಸಬೇಕಾಯಿತು. ಆದರೂ ನೇರ ಆಯ್ಕೆಯೊಂದೇ ಮದ್ದು ಎಂದು ನಾನು ಹೇಳಲಾರೆ. ಲಕ್ಷಾಂತರ ಮತ ಪಡೆದ ಉತ್ತರ ಪ್ರದೇಶದ ಮೇಯರ್‌ಗಳ ಕೈಯಲ್ಲೂ ಪೆನ್ನಿಲ್ಲ, ಅದು ಆಯುಕ್ತರ ಬಳಿಯೇ ಇದೆ. ಖಾಲಿ ಕುರ್ಚಿಗೆ ನೇರವಾಗಿ ಆರಿಸಿದರೆ ಜನರ ಬೇಸರವಷ್ಟೇ ಹೆಚ್ಚುತ್ತದೆ. ಮೊದಲು ಕುರ್ಚಿಗೆ ತೂಕ ಬರಬೇಕು, ಅಥವಾ ಎರಡೂ ಒಟ್ಟಿಗೆ ಬರಬೇಕು.

ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್ 10ರ ನಂತರ ಚುನಾಯಿತ ಪಾಲಿಕೆಯೇ ಇಲ್ಲ. ಆ ವರ್ಷದ ಬಿಬಿಎಂಪಿ ಕಾಯ್ದೆ ಮೇಯರ್ ಅವಧಿಯನ್ನು ಒಂದು ವರ್ಷದಿಂದ 30 ತಿಂಗಳಿಗೆ ಏರಿಸಿತು. ಅದು ಜಾರಿಗೆ ಬಂದದ್ದು 2021ರ ಜನವರಿಯಲ್ಲಿ. ಅಷ್ಟರಲ್ಲಿ ಮೇಯರ್ ಇರಲಿಲ್ಲ, ಆಮೇಲೂ ಬರಲಿಲ್ಲ. ಆ ಮೂವತ್ತು ತಿಂಗಳನ್ನು ಒಬ್ಬರೂ ಅನುಭವಿಸದೆಯೇ ಆ ಕಾಯ್ದೆ ಹೋಗಿ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಬಂತು. 2025ರ ಸೆಪ್ಟೆಂಬರ್ 2ರಿಂದ ಒಂದಿದ್ದ ಪಾಲಿಕೆ ಐದಾಗಿದೆ: ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ಮುಂದೆ ಐವರು ಮೇಯರ್‌ಗಳು. ಅವರ ಮೇಲೆ ಪ್ರಾಧಿಕಾರವೊಂದಿದೆ, ಅದರ ಅಧ್ಯಕ್ಷರು ಮುಖ್ಯಮಂತ್ರಿ. ಮೇಯರನ್ನು ಆರಿಸುವವರು ಈಗಲೂ ಸದಸ್ಯರೇ. ಚುನಾವಣೆ ಇನ್ನೂ ಆಗಬೇಕಿದೆ.

ಹಾಗಾಗಿ ನಮಗೆ ಸಿಗುವ ಅವಕಾಶ ವಾರ್ಡಿನ ಅಭ್ಯರ್ಥಿ ಬಾಗಿಲಿಗೆ ಬಂದ ಆ ಐದು ನಿಮಿಷ. 2015ರಲ್ಲಿ ಒಬ್ಬರು ಬಂದಿದ್ದರು. ರಸ್ತೆ ಮಾಡಿಸುತ್ತೇನೆ, ದಿನಾ ನೀರು ಬಿಡಿಸುತ್ತೇನೆ ಎಂದರು. ‘ನೀರು ಬೋರ್ಡಿನವರದ್ದಲ್ವೇನಪ್ಪ, ನೀನು ಹೇಗೆ ಬಿಡಿಸ್ತೀಯ?’ ಎಂದು ಅಮ್ಮ ಕೇಳಿದಳು. ಅವರು ನಕ್ಕು, ಹೇಳಿಸಿ ಮಾಡಿಸ್ತೀನಮ್ಮ ಎಂದರು. ‘ಸರಿ, ನಿಮ್ಮ ಪಾರ್ಟಿ ಗೆದ್ದರೆ ಮೇಯರ್ ಯಾರು?’ ಎಂದಳು. ‘ಅದು ಮೇಲಿನವರು ತೀರ್ಮಾನ ಮಾಡ್ತಾರಮ್ಮ, ನಮಗೂ ಗೊತ್ತಾಗಲ್ಲ’ ಎಂದು ಅವರು ನಿಜವನ್ನೇ ಹೇಳಿ, ಕರಪತ್ರ ಕೊಟ್ಟು ಪಕ್ಕದ ಮನೆಯ ಗೇಟು ತೆಗೆದರು.

ಅಮ್ಮನಿಗೆ ಈಗ ಎಪ್ಪತ್ತೆಂಟು. ನಮ್ಮ ಮನೆ ಯಾವ ಪಾಲಿಕೆಗೆ, ಯಾವ ವಾರ್ಡಿಗೆ ಬಂದಿದೆ ಎಂದು ಮೊನ್ನೆ ನನ್ನಿಂದ ಬರೆಸಿಕೊಂಡು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದಾಳೆ. ಬಂದವರನ್ನು ಅವೇ ಎರಡು ಪ್ರಶ್ನೆ ಕೇಳುತ್ತಾಳಂತೆ. ಜೊತೆಗೆ ಈ ಸಲ ಮೂರನೆಯದೂ ಇದೆ: ‘ಬಸ್ಸು, ನೀರು ನಿಮ್ಮ ಕೈಗೆ ಕೊಡಿ ಅಂತ ನೀವು ಸರ್ಕಾರವನ್ನ ಕೇಳ್ತೀರಾ?’